6.6 ಕೋಟಿ ತ್ರಿಕೋನಗಳು ಎಲ್ಲಿ ಹೋದವು?

ಪ್ರಶ್ನೆ: ಡ್ರೀಮ್‌ಕಾಸ್ಟ್, ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್ ಈ ನಾಲ್ಕು ಕನ್ಸೋಲ್‌ಗಳನ್ನು ಹೋಲಿಸುವ ಹಳೆಯ ಪಟ್ಟಿಯೊಂದು ನನ್ನ ಬಳಿ ಇದೆ. ಸೆಕೆಂಡಿಗೆ ಬಿಡಿಸಬಲ್ಲ ಪಾಲಿಗಾನ್‌ಗಳ (ಚಿತ್ರವನ್ನು ಕಟ್ಟುವ ಪುಟ್ಟ ತ್ರಿಕೋನಗಳ) ಸಂಖ್ಯೆ ಅದರಲ್ಲಿ ಕ್ರಮವಾಗಿ 30 ಲಕ್ಷ, 6.6 ಕೋಟಿ, 1.2 ಕೋಟಿ, 12.5 ಕೋಟಿ ಎಂದಿದೆ. ಹಾಗಾದರೆ ಪ್ಲೇಸ್ಟೇಷನ್ 2 ಗೇಮ್‌ಕ್ಯೂಬ್‌ಗಿಂತ ಐದು ಪಟ್ಟಿಗೂ ಹೆಚ್ಚು ಬಲಶಾಲಿಯಾಗಿರಬೇಕು. ಆದರೆ ಎರಡರಲ್ಲೂ ಬಂದ ‘ರೆಸಿಡೆಂಟ್ ಈವಿಲ್ 4’ ನೋಡಿದರೆ ಗೇಮ್‌ಕ್ಯೂಬ್‌ನದೇ ಚೆನ್ನಾಗಿ ಕಾಣುತ್ತದೆ. ಕಂಪನಿಗಳು ಸುಳ್ಳು ಹೇಳಿದವೇ? ನಿಜಕ್ಕೂ ಯಾವುದು ಎಷ್ಟು ಪಟ್ಟು ಶಕ್ತಿಶಾಲಿ? ಇನ್ನೊಂದು ಮಾತು: ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಪ್ಲೇಸ್ಟೇಷನ್ 2ರ ಆಟಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ. ಅದೇ ಅದರ ನಿಜವಾದ ಶಕ್ತಿಯೇ?

ಉತ್ತರ: ಸುಳ್ಳು ಎನ್ನಲಾಗದು. ನಾಲ್ಕು ಕಂಪನಿಗಳು ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದವು. ಪಟ್ಟಿ ಮಾಡಿದವರು ಆ ಉತ್ತರಗಳನ್ನೆಲ್ಲ ತಂದು ಒಂದೇ ಸಾಲಿನಲ್ಲಿ ಕೂರಿಸಿದರು. ಅಂಕಿಗಳು ಅಕ್ಕಪಕ್ಕ ಕೂತ ಮೇಲೆ ಭಾಗಿಸಿ ನೋಡಬೇಕೆನ್ನಿಸುವುದು ಸಹಜ, ಆ ಕಾಲದಲ್ಲಿ ನಾನೂ ಭಾಗಿಸಿ ನೋಡಿದವನೇ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಪ್ಲೇಸ್ಟೇಷನ್ 2ರ ಪೂರ್ಣ ಗಾತ್ರದ ಚಿತ್ರವೊಂದು 640 ಪಿಕ್ಸೆಲ್ ಅಗಲ, 448 ಸಾಲು ಎತ್ತರ ಇರುತ್ತದೆ, ಅಂದರೆ ಒಟ್ಟು 2,86,720 ಪಿಕ್ಸೆಲ್‌ಗಳು. ಸೆಕೆಂಡಿಗೆ 6.6 ಕೋಟಿ ತ್ರಿಕೋನಗಳನ್ನು ಆ ಸೆಕೆಂಡಿನಲ್ಲಿ ಪರದೆಗೆ ಬರುವ 60 ಫ್ರೇಮ್‌ಗಳಿಗೆ, ಅಂದರೆ 60 ಚಿತ್ರಗಳಿಗೆ, ಹಂಚಿದರೆ ಫ್ರೇಮ್ ಒಂದಕ್ಕೆ 11 ಲಕ್ಷ ತ್ರಿಕೋನಗಳು ಬರುತ್ತವೆ. ಒಂದೊಂದು ಪಿಕ್ಸೆಲ್‌ಗೆ ಹೆಚ್ಚುಕಡಿಮೆ ನಾಲ್ಕು ತ್ರಿಕೋನಗಳು! ಎಕ್ಸ್‌ಬಾಕ್ಸ್‌ನ 12.5 ಕೋಟಿಯನ್ನು ಇದೇ ರೀತಿ 640×480ರ ಪರದೆಗೆ ಹಂಚಿದರೆ ಪಿಕ್ಸೆಲ್‌ಗೆ ಸುಮಾರು ಏಳು ಬೀಳುತ್ತವೆ. ಒಂದು ಪಿಕ್ಸೆಲ್ ಒಂದು ಸಲಕ್ಕೆ ತೋರಿಸಬಲ್ಲದ್ದು ಒಂದೇ ಬಣ್ಣವಾದ್ದರಿಂದ ಇಷ್ಟು ತ್ರಿಕೋನಗಳನ್ನು ಒಂದು ಆಟ ಬಳಸುವುದಕ್ಕೆ ಕಾರಣವೇ ಇಲ್ಲ. ಗೇಮ್‌ಕ್ಯೂಬ್‌ನ 1.2 ಕೋಟಿಯನ್ನು ಹಂಚಿದಾಗ ಮಾತ್ರ ತ್ರಿಕೋನ ಒಂದಕ್ಕೆ ಒಂದೂವರೆ ಪಿಕ್ಸೆಲ್ ಸಿಗುತ್ತದೆ. ಅದೂ ಬಹಳ ಸಣ್ಣದೇ, ಆದರೆ ಅಸಂಬದ್ಧವಲ್ಲ. ಹಾಗಾಗಿ ನಿಮ್ಮ ಪಟ್ಟಿಯ ಎರಡು ದೊಡ್ಡ ಅಂಕಿಗಳು ಪರದೆಯ ಮೇಲೆ ಕಾಣುವ ಚಿತ್ರದ ಅಳತೆಗಳೇ ಅಲ್ಲ.

ಹಾಗಿದ್ದರೆ ಅವು ಯಾವುದರ ಅಳತೆಗಳು? ಪ್ಲೇಸ್ಟೇಷನ್ 2ರ ತಯಾರಕ ಸೋನಿ 1999ರಲ್ಲಿ ಪ್ರಕಟಿಸಿದ ವಿವರಗಳಲ್ಲೇ ಉತ್ತರವಿದೆ. ಮೂರು ಆಯಾಮದ ಜಗತ್ತಿನಲ್ಲಿರುವ ಬಿಂದುವನ್ನು ಪರದೆಯ ಜಾಗಕ್ಕೆ ತಂದು ನಿಲ್ಲಿಸುವ ಗಣಿತವಷ್ಟನ್ನೇ ಮಾಡಿದರೆ 6.6 ಕೋಟಿ, ಅದಕ್ಕೆ ಬೆಳಕಿನ ಲೆಕ್ಕ ಸೇರಿಸಿದರೆ 3.8 ಕೋಟಿ, ಬಾಗಿದ ಮೇಲ್ಮೈಗಳನ್ನು ಸ್ಥಳದಲ್ಲೇ ಸೃಷ್ಟಿಸಲು ಹೊರಟರೆ 1.6 ಕೋಟಿ ಎಂದು ಕಂಪನಿಯೇ ಹೇಳಿತ್ತು. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಮೊದಲನೆಯದು ಮಾತ್ರ. ಎಕ್ಸ್‌ಬಾಕ್ಸ್‌ನ ಅಂಕಿಯೂ ಇದೇ ಜಾತಿಯದು. ಎನ್‌ವಿಡಿಯಾ ತಯಾರಿಸಿದ ಅದರ ಎನ್‌ವಿ2ಎ ಚಿಪ್‌ನಲ್ಲಿ ಬಿಂದುಗಳ ಲೆಕ್ಕಕ್ಕೆಂದೇ ಎರಡು ಘಟಕಗಳಿವೆ, ಒಂದು ಬಿಂದುವನ್ನು ಬರಿದೆ ಸ್ಥಳಾಂತರಿಸಲು ನಾಲ್ಕು ಸೂಚನೆಗಳು ಬೇಕು. ಮೊದಲು ಯೋಜಿಸಿದ್ದ 250 ಮೆಗಾಹರ್ಟ್ಸ್ ವೇಗವನ್ನು ಎರಡರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 12.5 ಕೋಟಿ ಬರುತ್ತದೆ. ಕೊನೆಗೆ ಚಿಪ್ 233 ಮೆಗಾಹರ್ಟ್ಸ್‌ಗೆ ಇಳಿದಾಗ ಅದು 11.65 ಕೋಟಿಯಾಯಿತು. ಬೆಳಕು, ಪಾತ್ರಗಳು ಕೈಕಾಲು ಮಡಚುವಾಗಿನ ಚರ್ಮದ ಬಾಗುವಿಕೆ ಮುಂತಾದವನ್ನು ಸೇರಿಸಿ ಸೂಚನೆಗಳು ಇಪ್ಪತ್ತಾದವೆಂದುಕೊಳ್ಳಿ, ಅಂಕಿ 2.33 ಕೋಟಿಗೆ ಬಂದು ನಿಲ್ಲುತ್ತದೆ. ಗೇಮ್‌ಕ್ಯೂಬ್‌ನ ತಯಾರಕ ನಿಂಟೆಂಡೋ ಮಾತ್ರ ಟೆಕ್ಸ್ಚರ್ (ತ್ರಿಕೋನಗಳ ಮೇಲೆ ಹಚ್ಚುವ ಚಿತ್ರ), ಬೆಳಕು ಎಲ್ಲವೂ ಇರುವ ನಿಜವಾದ ಆಟದ ಸ್ಥಿತಿಯಲ್ಲಿ 60 ಲಕ್ಷದಿಂದ 1.2 ಕೋಟಿ ಎಂದು ಹೇಳಿ, ಜಾಹೀರಾತಿನ ಕಣದಲ್ಲಿ ತಾನಾಗಿಯೇ ಚಿಕ್ಕದಾಗಿ ಕಾಣಿಸಿಕೊಂಡಿತು. ಪ್ರಾಮಾಣಿಕತೆಗೆ ಆ ಪೀಳಿಗೆಯಲ್ಲಿ ತೆತ್ತ ಬೆಲೆ ಅದು.

ಇದಕ್ಕಿಂತ ಮುಖ್ಯವಾದ ವಿಷಯವೆಂದರೆ, ತ್ರಿಕೋನಗಳ ಎಣಿಕೆಯೇ ಶಕ್ತಿಯಲ್ಲ. ಚಿತ್ರವೊಂದು ಪರದೆಗೆ ಬರುವ ಮುನ್ನ ಬಿಂದುಗಳ ಗಣಿತ, ತ್ರಿಕೋನವನ್ನು ಪಿಕ್ಸೆಲ್‌ಗಳಾಗಿ ಒಡೆಯುವುದು, ಟೆಕ್ಸ್ಚರ್ ಹಚ್ಚುವುದು, ಆಳವನ್ನು (ಯಾವುದು ಮುಂದಿದೆ, ಯಾವುದು ಹಿಂದಿದೆ ಎಂಬುದನ್ನು) ಪರೀಕ್ಷಿಸುವುದು, ಹಿಂದಿನ ಬಣ್ಣದೊಡನೆ ಬೆರೆಸುವುದು ಇಷ್ಟೂ ಹಂತಗಳನ್ನು ದಾಟಬೇಕು, ಮತ್ತು ಪ್ರತಿ ಹಂತದಲ್ಲೂ ಮೆಮೊರಿಯಿಂದ ಮಾಹಿತಿಯನ್ನು ತರುವ, ಮೆಮೊರಿಗೆ ಮರಳಿ ಬರೆಯುವ ಕೆಲಸ ಇದ್ದೇ ಇರುತ್ತದೆ. ಒಂದು ಹಂತ ಎಷ್ಟೇ ಅಗಲವಿದ್ದರೂ ಮುಂದಿನದು ಕಿರಿದಾಗಿದ್ದರೆ ಹರಿವು ಕಿರಿದಾದ ಕಡೆಯ ಲೆಕ್ಕಕ್ಕೇ ಇಳಿಯುತ್ತದೆ. ಈ ನಾಲ್ಕು ಯಂತ್ರಗಳ ವಿಶೇಷವೇನೆಂದರೆ ಅವುಗಳ ಕಿರಿದಾದ ಜಾಗಗಳು ನಾಲ್ಕು ಬೇರೆ ಬೇರೆ ಕಡೆ ಇವೆ. ಇಂದಿನ ಕನ್ಸೋಲ್‌ಗಳು ಒಳಗಿನಿಂದ ಅಣ್ಣತಮ್ಮಂದಿರಂತಿರುವುದನ್ನು ನೋಡಿದವರಿಗೆ ಅಂದಿನ ವೈವಿಧ್ಯ ಬೆರಗು ಹುಟ್ಟಿಸುತ್ತದೆ.

ಪ್ಲೇಸ್ಟೇಷನ್ 2ರಿಂದ ಆರಂಭಿಸುತ್ತೇನೆ, ಏಕೆಂದರೆ ಅತಿ ವಿಚಿತ್ರವಾದದ್ದು ಅದೇ. 2000ದ ಮಾರ್ಚ್ 4ರಂದು ಜಪಾನ್‌ನಲ್ಲಿ ಬಿಡುಗಡೆಯಾದ ಈ ಯಂತ್ರದಲ್ಲಿ ಗಣಿತವನ್ನೆಲ್ಲ ಮಾಡುವುದು ಸುಮಾರು 295 ಮೆಗಾಹರ್ಟ್ಸ್ ವೇಗದ ಎಮೋಷನ್ ಎಂಜಿನ್, ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಸಿಂಥಸೈಜರ್ ಎಂಬ ಎರಡನೆಯ ಚಿಪ್. ಈ ಎರಡನೆಯದಕ್ಕೆ ಬುದ್ಧಿ ಕಡಿಮೆ, ಕೈಗಳು ಹೆಚ್ಚು. ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್‌ಗಳಲ್ಲಿ ಪಿಕ್ಸೆಲ್ ತುಂಬುವ ಪೈಪ್‌ಲೈನ್‌ಗಳು ನಾಲ್ಕಿದ್ದಾಗ ಇದರಲ್ಲಿ ಹದಿನಾರಿದ್ದವು. ಟೆಕ್ಸ್ಚರ್ ಇಲ್ಲದೆ ಸೆಕೆಂಡಿಗೆ 240 ಕೋಟಿ, ಟೆಕ್ಸ್ಚರ್ ಸಹಿತ 120 ಕೋಟಿ ಪಿಕ್ಸೆಲ್‌ಗಳನ್ನು ಅದು ತುಂಬಬಲ್ಲದು. ಇಷ್ಟು ಕೈಗಳಿಗೆ ಕೆಲಸ ಒದಗಿಸಲು ಚಿಪ್‌ನ ಒಳಗೇ 4 ಮೆಗಾಬೈಟ್ ಮೆಮೊರಿಯನ್ನು ಹುದುಗಿಸಿ, ಸೆಕೆಂಡಿಗೆ 48 ಗಿಗಾಬೈಟ್ ಹರಿಯುವ ದಾರಿ ಮಾಡಿಕೊಟ್ಟಿದ್ದರು. ಆ ಕಾಲಕ್ಕೆ ಇದು ಅಸಾಧಾರಣ ವೇಗ.

ಆದರೆ 4 ಮೆಗಾಬೈಟ್ ಎಂದರೆ ಎಷ್ಟು? ಪಿಕ್ಸೆಲ್‌ಗೆ 4 ಬೈಟ್‌ನಂತೆ 640×448ರ ಒಂದು ಚಿತ್ರಕ್ಕೆ ಸುಮಾರು 1.1 ಮೆಗಾಬೈಟ್ ಬೇಕು. ತೋರಿಸುತ್ತಿರುವ ಚಿತ್ರಕ್ಕೊಂದು, ಬಿಡಿಸುತ್ತಿರುವ ಚಿತ್ರಕ್ಕೊಂದು, ಆಳದ ಲೆಕ್ಕಕ್ಕೊಂದು ಎಂದು ಮೂರು ಭಾಗ ತೆಗೆದರೆ ಟೆಕ್ಸ್ಚರ್‌ಗಳಿಗೆ ಉಳಿಯುವುದು ಮುಕ್ಕಾಲು ಮೆಗಾಬೈಟ್‌ಗಿಂತಲೂ ಕಡಿಮೆ. ಈ ಇಕ್ಕಟ್ಟಿನಿಂದ ಪಾರಾಗಲು ಆರಂಭದ ಹಲವು ಆಟಗಳು ಪೂರ್ತಿ ಚಿತ್ರದ ಬದಲು ಒಂದು ಸಲಕ್ಕೆ ಅರ್ಧ ಸಾಲುಗಳನ್ನಷ್ಟೇ ಬಿಡಿಸಿದವು. ‘ರಿಡ್ಜ್ ರೇಸರ್ 5’ರಂತಹ ಮೊದಲ ಆಟಗಳಲ್ಲಿ ಅಂಚುಗಳು ಗರಗಸದಂತೆ ಮಿನುಗುತ್ತಿದ್ದುದಕ್ಕೆ ಇದೇ ಕಾರಣ, ಪಾಲಿಗಾನ್‌ಗಳ ಕೊರತೆಯಲ್ಲ. ಈ ಚಿಪ್ ಬಳಸಬೇಕಾದ ಸರಿಯಾದ ವಿಧಾನವೆಂದರೆ, ಚಿಪ್‌ನೊಳಗಿನ ಜಾಗವನ್ನು ಗೋದಾಮಾಗಿ ಕಾಣದೆ ಕೆಲಸದ ಮೇಜಾಗಿ ಕಂಡು, ಬೇಕಾದ ಟೆಕ್ಸ್ಚರ್‌ಗಳನ್ನು 32 ಮೆಗಾಬೈಟ್‌ನ ಮುಖ್ಯ ಮೆಮೊರಿಯಿಂದ ಫ್ರೇಮ್‌ನ ನಡುವೆಯೇ ಸತತವಾಗಿ ತಂದು ಹಾಕುತ್ತಾ ಹೋಗುವುದು. ಎರಡೂ ಚಿಪ್‌ಗಳ ನಡುವಿನ ದಾರಿಯ ಮೇಲ್ಮಿತಿ ಸೆಕೆಂಡಿಗೆ 1.2 ಗಿಗಾಬೈಟ್, ಎಂದರೆ ಫ್ರೇಮ್‌ಗೆ 20 ಮೆಗಾಬೈಟ್. ಅದೇ ದಾರಿಯಲ್ಲಿ ತ್ರಿಕೋನಗಳೂ ಹೋಗಬೇಕು ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಈ ಚಿಪ್ ಒಂದು ಸಲಕ್ಕೆ ಒಂದೇ ಟೆಕ್ಸ್ಚರ್ ಹಚ್ಚಬಲ್ಲದು. ಗೋಡೆಗೆ ಇಟ್ಟಿಗೆಯ ವಿನ್ಯಾಸ, ಅದರ ಮೇಲೆ ಬೆಳಕಿನ ಕಲೆ, ಅದರ ಮೇಲೆ ಒದ್ದೆಯ ಹೊಳಪು ಬೇಕೆಂದರೆ ಅದೇ ಗೋಡೆಯ ಅದೇ ತ್ರಿಕೋನಗಳನ್ನು ಮೂರು ಸಲ ಕಳಿಸಿ ಮೂರು ಸಲ ಬಿಡಿಸಬೇಕು. ಗೇಮ್‌ಕ್ಯೂಬ್ ಒಂದೇ ಸುತ್ತಿನಲ್ಲಿ ಎಂಟು ಟೆಕ್ಸ್ಚರ್‌ಗಳನ್ನೂ ಎಕ್ಸ್‌ಬಾಕ್ಸ್ ನಾಲ್ಕನ್ನೂ ಬೆರೆಸಬಲ್ಲವು. ಹೀಗಾಗಿ ಪದರಗಳು ಹೆಚ್ಚಿದಂತೆ ಪ್ಲೇಸ್ಟೇಷನ್ 2ರ ತ್ರಿಕೋನಗಳ ಅಂಕಿ ಎರಡರಿಂದಲೋ ಮೂರರಿಂದಲೋ ಭಾಗವಾಗುತ್ತದೆ, ಎದುರಾಳಿಗಳದು ಭಾಗವಾಗುವುದಿಲ್ಲ. ನೀವು ಕೇಳಿದ 6.6 ಕೋಟಿಯ ಬಹುಪಾಲು ಕರಗಿ ಹೋದದ್ದು ಬೆಳಕಿನ ಲೆಕ್ಕದಲ್ಲಿ ಮತ್ತು ಈ ಮರುಬಿಡಿಸುವಿಕೆಯಲ್ಲಿ.

ಟೆಕ್ಸ್ಚರ್‌ಗಳ ವಿಷಯದಲ್ಲಿ ನಾಲ್ಕೂ ಯಂತ್ರಗಳ ವ್ಯತ್ಯಾಸವನ್ನು ಒಂದೇ ಉದಾಹರಣೆಯಿಂದ ತೋರಿಸಬಹುದು. 256×256 ಅಳತೆಯ ಒಂದು ಬಣ್ಣದ ಚಿತ್ರವನ್ನು ತೆಗೆದುಕೊಳ್ಳಿ. ಯಾವ ಸಂಕೋಚನವೂ ಇಲ್ಲದೆ 24 ಬಿಟ್ ಬಣ್ಣದಲ್ಲಿ ಅದು 192 ಕಿಲೋಬೈಟ್. ಗೇಮ್‌ಕ್ಯೂಬ್ ಮತ್ತು ಎಕ್ಸ್‌ಬಾಕ್ಸ್‌ಗಳಲ್ಲಿದ್ದ ಎಸ್3ಟಿಸಿ ವಿಧಾನದಲ್ಲಿ ಅದು ಆರನೆಯ ಒಂದು ಭಾಗಕ್ಕೆ, ಅಂದರೆ 32 ಕಿಲೋಬೈಟ್‌ಗೆ ಇಳಿಯುತ್ತದೆ. ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ಪ್ರತಿ ಚೌಕಕ್ಕೂ ತನ್ನದೇ ಬಣ್ಣಗಳಿರುವುದರಿಂದ ಒಟ್ಟು ಚಿತ್ರದ ವರ್ಣ ವೈವಿಧ್ಯ ಉಳಿಯುತ್ತದೆ. ಪ್ಲೇಸ್ಟೇಷನ್ 2ರಲ್ಲಿ ಇಂತಹ ಸಂಕೋಚನ ಇಲ್ಲ, ಇರುವುದು ಬಣ್ಣಗಳ ಪಟ್ಟಿ ಇಟ್ಟುಕೊಂಡು ಪ್ರತಿ ಪಿಕ್ಸೆಲ್‌ಗೆ ಒಂದು ಕ್ರಮಸಂಖ್ಯೆ ಕೊಡುವ ಹಳೆಯ ಉಪಾಯ. ಅದೇ 32 ಕಿಲೋಬೈಟ್‌ನಲ್ಲಿ ಹಿಡಿಸಬೇಕಾದರೆ ಇಡೀ ಚಿತ್ರಕ್ಕೆ ಹದಿನಾರೇ ಬಣ್ಣಗಳು. 256 ಬಣ್ಣ ಬೇಕಾದರೆ 64 ಕಿಲೋಬೈಟ್. ಇನ್ನು ಎಲ್ಲಕ್ಕಿಂತ ಹಳೆಯದಾದ ಡ್ರೀಮ್‌ಕಾಸ್ಟ್‌ನಲ್ಲಿ, ಎರಡು ಪಿಕ್ಸೆಲ್ ಅಗಲ ಎರಡು ಪಿಕ್ಸೆಲ್ ಎತ್ತರದ ತುಣುಕುಗಳ ಒಂದು ನಿಘಂಟನ್ನು ಮಾಡಿಟ್ಟುಕೊಂಡು ಚಿತ್ರವನ್ನು ಆ ತುಣುಕುಗಳಿಂದ ಕಟ್ಟುವ ವಿಧಾನವಿತ್ತು. ಅದರಲ್ಲಿ ಇದೇ ಚಿತ್ರ 16 ಬಿಟ್ ಬಣ್ಣದಲ್ಲಿ ಕೇವಲ 18 ಕಿಲೋಬೈಟ್. ಡ್ರೀಮ್‌ಕಾಸ್ಟ್‌ನ ಎಷ್ಟೋ ಆಟಗಳ ಗೋಡೆ ಬಟ್ಟೆಗಳು ಮೊದಲ ವರ್ಷದ ಪ್ಲೇಸ್ಟೇಷನ್ 2 ಆಟಗಳವಕ್ಕಿಂತ ಗಾಢವಾಗಿ, ತೀಕ್ಷ್ಣವಾಗಿ ಕಾಣುತ್ತಿದ್ದುದರ ಗುಟ್ಟು ಇಲ್ಲಿದೆ. ನಿಮ್ಮ ಪಟ್ಟಿಯ 30 ಲಕ್ಷ ಎಂಬ ಅಂಕಿಯನ್ನು ಮಾತ್ರ ನೋಡಿದವನು ಇದನ್ನು ಊಹಿಸಲಾರ.

ಈಗ ಪ್ಲೇಸ್ಟೇಷನ್ 2ರ ಪರವಾಗಿ ವಾದಿಸಬೇಕಾದ ಜಾಗ. ಮಳೆ, ಹೊಗೆ, ಧೂಳು, ಬೆಂಕಿ, ಚಲನೆಯ ಮಸುಕು ಇವೆಲ್ಲ ಅರೆಪಾರದರ್ಶಕ ಪದರಗಳು. ಇವನ್ನು ಬಿಡಿಸುವಾಗ ತ್ರಿಕೋನಗಳು ಕಡಿಮೆ ಇರುತ್ತವೆ, ತುಂಬಬೇಕಾದ ಪಿಕ್ಸೆಲ್‌ಗಳು ಅಪಾರ. ಪ್ರತಿ ಪಿಕ್ಸೆಲ್‌ಗೂ ಹಳೆಯ ಬಣ್ಣವನ್ನು ಓದಿ, ಆಳವನ್ನು ಓದಿ, ಹೊಸ ಬಣ್ಣವನ್ನು ಬರೆಯಬೇಕು, ಅಂದರೆ ಕನಿಷ್ಠ 12 ಬೈಟ್‌ಗಳ ಸಂಚಾರ. ಎಕ್ಸ್‌ಬಾಕ್ಸ್‌ನ ಚಿಪ್ ಸೆಕೆಂಡಿಗೆ 93 ಕೋಟಿ ಪಿಕ್ಸೆಲ್ ತುಂಬಬಲ್ಲದೆಂದು ಕಾಗದದ ಮೇಲಿದೆ. ಅಷ್ಟನ್ನೂ ಬೆರೆಸುತ್ತಾ ತುಂಬಲು 11 ಗಿಗಾಬೈಟ್‌ಗೂ ಹೆಚ್ಚು ಬೇಕು, ಆದರೆ ಅದರ ಮೆಮೊರಿ ಕೊಡುವುದು ಒಟ್ಟು 6.4 ಗಿಗಾಬೈಟ್. ಅದರಲ್ಲೇ ಟೆಕ್ಸ್ಚರ್ ಓದಬೇಕು, ಅದರಲ್ಲೇ ಪ್ರೊಸೆಸರ್ ಕೂಡ ಬದುಕಬೇಕು. ಆಳದ ಮಾಹಿತಿಯನ್ನು ಸಂಕೋಚಿಸುವ ಜಾಣ್ಮೆ ಚಿಪ್‌ಗೆ ಇದ್ದುದರಿಂದ ಹೊರೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೂ ಬೆರೆಸುವ ಕೆಲಸದಲ್ಲಿ 50 ಕೋಟಿಯ ಆಸುಪಾಸು ದಾಟುವುದು ಕಷ್ಟ. ಪ್ಲೇಸ್ಟೇಷನ್ 2ರ ಸಂಚಾರವೆಲ್ಲ ಚಿಪ್‌ನೊಳಗೇ ನಡೆಯುವುದರಿಂದ ಅದರ 120 ಕೋಟಿ ಬಹುಮಟ್ಟಿಗೆ ನಿಜವಾದ 120 ಕೋಟಿ. ಒಂದು ಫ್ರೇಮ್‌ನ ಅವಧಿಯಲ್ಲಿ ಇಡೀ ಪರದೆಯನ್ನು ಸುಮಾರು 70 ಸಲ ಬಳಿಯಬಹುದು ಎಂದಾಯಿತು. ಗೇಮ್‌ಕ್ಯೂಬ್‌ಗೆ ಈ ಲೆಕ್ಕ ಸುಮಾರು 35 ಸಲ, ಡ್ರೀಮ್‌ಕಾಸ್ಟ್‌ಗೆ ಐದು ಸಲ ಮಾತ್ರ. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಮೆಟಲ್ ಗೇರ್ ಸಾಲಿಡ್ 2’ ಮರುವರ್ಷ ಎಕ್ಸ್‌ಬಾಕ್ಸ್‌ಗೆ ಬಂದಾಗ, ಆರಂಭದ ಹಡಗಿನ ಮೇಲಿನ ಮಳೆಯ ದೃಶ್ಯದಲ್ಲಿ ಆಟ ನಿಧಾನವಾಗುತ್ತಿತ್ತು. ಹೆಚ್ಚು ಶಕ್ತಿಶಾಲಿಯೆಂದು ಎಲ್ಲರೂ ಒಪ್ಪಿದ್ದ ಯಂತ್ರ ಮಳೆಗೆ ಸೋತದ್ದನ್ನು ಅಂದು ಬಹಳ ಮಂದಿ ಕೆಟ್ಟ ಪೋರ್ಟಿಂಗ್ (ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸ) ಎಂದು ತಳ್ಳಿಹಾಕಿದರು. ಅದೂ ಸ್ವಲ್ಪ ಇದ್ದಿರಬಹುದು, ಆದರೆ ಮೇಲಿನ ಲೆಕ್ಕ ಮಾಡಿದವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. 2005ರ ‘ಶ್ಯಾಡೋ ಆಫ್ ದ ಕೊಲಾಸಸ್’ನಲ್ಲಿ ಕಣ್ಣು ಕೋರೈಸುವ ಬೆಳಕು, ದೈತ್ಯರ ಮೈಮೇಲಿನ ರೋಮ, ಚಲನೆಯ ಮಸುಕು ಎಲ್ಲವನ್ನೂ ಇದೇ ಬಳಿಯುವ ಶಕ್ತಿಯಿಂದ ಸಾಧಿಸಿದ್ದರು. ಅದಕ್ಕಾಗಿ ಫ್ರೇಮ್‌ಗಳ ವೇಗದಲ್ಲಿ ದೊಡ್ಡ ದಂಡವನ್ನೂ ಕಟ್ಟಿದರು.

ಗೇಮ್‌ಕ್ಯೂಬ್ ನಾಲ್ಕರಲ್ಲಿ ಅತ್ಯಂತ ಸಮತೋಲನದ ಯಂತ್ರ ಎಂಬುದು ನನ್ನ ಅಭಿಪ್ರಾಯ. ಐಬಿಎಂನ 485 ಮೆಗಾಹರ್ಟ್ಸ್ ಪ್ರೊಸೆಸರ್, ಆರ್ಟ್‌ಎಕ್ಸ್ ತಂಡ ರೂಪಿಸಿದ 162 ಮೆಗಾಹರ್ಟ್ಸ್‌ನ ಫ್ಲಿಪ್ಪರ್ ಚಿಪ್, 24 ಮೆಗಾಬೈಟ್ ಮುಖ್ಯ ಮೆಮೊರಿ: ಯಾವ ಅಂಕಿಯೂ ಬೆರಗುಗೊಳಿಸುವುದಿಲ್ಲ. ಆದರೆ ಆ ಮೆಮೊರಿ ಕೇಳಿದ ಕೂಡಲೇ ಉತ್ತರಿಸುವ ಜಾತಿಯದು, ಮತ್ತು ಚಿಪ್‌ನೊಳಗೆ ಚಿತ್ರಕ್ಕೆಂದು 2 ಮೆಗಾಬೈಟ್, ಟೆಕ್ಸ್ಚರ್‌ಗೆಂದು 1 ಮೆಗಾಬೈಟ್ ಪ್ರತ್ಯೇಕವಾಗಿ ಇವೆ. ಹೀಗಾಗಿ ಕಾಗದದ ಅಂಕಿಗೂ ಆಟದಲ್ಲಿ ಸಿಗುವ ಅಂಕಿಗೂ ಅಂತರ ಕಡಿಮೆ. ಯಂತ್ರದ ಜೊತೆಜೊತೆಗೇ ಬಂದ ‘ರೋಗ್ ಲೀಡರ್’ ಆಟ ಇದಕ್ಕೆ ಸಾಕ್ಷಿ. ಅದರ ಕಿರಿದಾದ ಜಾಗ ಎಲ್ಲಿ ಎಂದರೆ, ಆ 2 ಮೆಗಾಬೈಟ್‌ನಲ್ಲಿ. 640×528ರ ಚಿತ್ರಕ್ಕೆ ಬಣ್ಣಕ್ಕೆ 3 ಬೈಟ್, ಆಳಕ್ಕೆ 3 ಬೈಟ್ ಕೊಟ್ಟರೆ ಜಾಗ ಮುಗಿಯಿತು. ಪಾರದರ್ಶಕತೆಯ ಮಾಹಿತಿಯನ್ನೂ ಅಲ್ಲಿಯೇ ಇಟ್ಟುಕೊಳ್ಳಬೇಕೆಂದರೆ ಪ್ರತಿ ಬಣ್ಣದಿಂದ ಎರಡೆರಡು ಬಿಟ್ ಕಿತ್ತುಕೊಳ್ಳಬೇಕಾಗುತ್ತದೆ. ಕೆಲವು ಗೇಮ್‌ಕ್ಯೂಬ್ ಆಟಗಳ ಆಕಾಶದಲ್ಲಿ, ಮಂಜಿನಲ್ಲಿ ಬಣ್ಣ ನಯವಾಗಿ ಇಳಿಯದೆ ಪಟ್ಟೆಪಟ್ಟೆಯಾಗಿ ಕಾಣುವುದು ಅದರಿಂದಲೇ.

ಎಕ್ಸ್‌ಬಾಕ್ಸ್‌ನ ಹೆಚ್ಚುಗಾರಿಕೆ ವೇಗಕ್ಕಿಂತ ಮುಖ್ಯವಾಗಿ ಗುಣದಲ್ಲಿದೆ. ಬಿಂದುಗಳಿಗೂ ಪಿಕ್ಸೆಲ್‌ಗಳಿಗೂ ಪ್ರೋಗ್ರಾಂ ಬರೆಯಬಹುದಾದ ಶೇಡರ್‌ಗಳು (ಸ್ಥಾನ, ಬಣ್ಣ, ಬೆಳಕನ್ನು ಲೆಕ್ಕ ಹಾಕುವ ಘಟಕಗಳು) ಆ ಪೀಳಿಗೆಯಲ್ಲಿ ಈ ರೂಪದಲ್ಲಿ ಇದ್ದುದು ಇದರಲ್ಲಿ ಮಾತ್ರ. ಜೊತೆಗೆ ಯಾವುದಕ್ಕೆ ಎಷ್ಟು ಬೇಕೋ ಹಾಗೆ ಹಂಚಿಕೊಳ್ಳಬಹುದಾದ 64 ಮೆಗಾಬೈಟ್ ಮೆಮೊರಿ. ನೆರಳನ್ನೇ ಆಟದ ಜೀವಾಳವಾಗಿಸಿಕೊಂಡ ‘ಸ್ಪ್ಲಿಂಟರ್ ಸೆಲ್’ 2002ರಲ್ಲಿ ಇದರ ಮೇಲೆ ಹುಟ್ಟಿದ್ದು ಆಕಸ್ಮಿಕವಲ್ಲ. ವಸ್ತುಗಳ ಮೇಲೆ ಚಲಿಸುತ್ತಾ ಬೀಳುವ ನೆರಳಿನ ಲೆಕ್ಕಕ್ಕೆ ಚಿಪ್‌ನಲ್ಲೇ ಬೆಂಬಲವಿತ್ತು. ಅದನ್ನು ಮರುವರ್ಷ ಪ್ಲೇಸ್ಟೇಷನ್ 2ಕ್ಕೆ ತರುವಾಗ ಆಟದ ಜಾಗಗಳನ್ನೇ ಚಿಕ್ಕದಾಗಿಸಿ, ಬೆಳಕನ್ನು ಬೇರೆ ರೀತಿಯಲ್ಲಿ ಕಟ್ಟಬೇಕಾಯಿತು. ಕಂಪ್ಯೂಟರಿಗೆಂದೇ ಮಾಡಿದ್ದ ‘ಡೂಮ್ 3’, ‘ಹಾಫ್ ಲೈಫ್ 2’ ಆಟಗಳು 2005ರಲ್ಲಿ ಈ ನಾಲ್ಕರ ಪೈಕಿ ಎಕ್ಸ್‌ಬಾಕ್ಸ್‌ಗೆ ಮಾತ್ರ ಬಂದವು.

ಡ್ರೀಮ್‌ಕಾಸ್ಟ್ ಬಗ್ಗೆ ಎರಡು ಮಾತು ಸಾಕು. 1998ರ ನವೆಂಬರ್‌ನಲ್ಲಿ ಬಂದ ಅದರ ಪವರ್‌ವಿಆರ್ ಚಿಪ್ ಪರದೆಯನ್ನು 32×32ರ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಯಾವುದು ಮುಂದಿದೆ ಎಂದು ಮೊದಲೇ ತೀರ್ಮಾನಿಸಿ, ಕಾಣುವ ಪಿಕ್ಸೆಲ್‌ಗೆ ಮಾತ್ರ ಟೆಕ್ಸ್ಚರ್ ಹಚ್ಚುತ್ತದೆ. ಮುಚ್ಚಿಹೋಗುವುದನ್ನು ಬಳಿಯುವ ವ್ಯರ್ಥ ಶ್ರಮವಿಲ್ಲ, ಆದ್ದರಿಂದ ಸೆಕೆಂಡಿಗೆ 10 ಕೋಟಿ ಪಿಕ್ಸೆಲ್ ಎಂಬ ಅದರ ಬಡ ಅಂಕಿ ಅಪಾರದರ್ಶಕ ದೃಶ್ಯಗಳಲ್ಲಿ ಎರಡು ಮೂರು ಪಟ್ಟು ಬೆಲೆ ಬಾಳುತ್ತದೆ. ಇದಕ್ಕೆ ತೆರಬೇಕಾದ ಶುಲ್ಕವೆಂದರೆ ದೃಶ್ಯದ ಎಲ್ಲ ತ್ರಿಕೋನಗಳನ್ನೂ ಬಿಡಿಸುವ ಮುನ್ನ 8 ಮೆಗಾಬೈಟ್‌ನ ಚಿತ್ರ ಮೆಮೊರಿಯಲ್ಲೇ ಕೂಡಿಡಬೇಕು. ತ್ರಿಕೋನ ಹೆಚ್ಚಿದಷ್ಟೂ ಟೆಕ್ಸ್ಚರ್‌ಗೆ ಜಾಗ ಕಡಿಮೆ. 2001ರ ಆರಂಭದಲ್ಲೇ ಸೆಗಾ ಅದರ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದರಿಂದ, ಉಳಿದ ಯಂತ್ರಗಳಿಗೆ ಸಿಕ್ಕ ಮೂರನೆಯ, ನಾಲ್ಕನೆಯ ವರ್ಷದ ಆಟಗಳು ಅದಕ್ಕೆ ದಕ್ಕಲೇ ಇಲ್ಲ.

ಈಗ ನಿಮ್ಮ ‘ರೆಸಿಡೆಂಟ್ ಈವಿಲ್ 4’ಕ್ಕೆ ಬರೋಣ. 2005ರ ಜನವರಿಯಲ್ಲಿ ಅದು ಗೇಮ್‌ಕ್ಯೂಬ್‌ಗೆ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ. ಎರಡನೆಯದರಲ್ಲಿ ಮಾದರಿಗಳ ತ್ರಿಕೋನಗಳನ್ನು ಕಡಿತಗೊಳಿಸಿದರು, ಬೆಳಕಿನ ಪರಿಣಾಮಗಳನ್ನು ಇಳಿಸಿದರು, ಯಂತ್ರವೇ ಆ ಕ್ಷಣದಲ್ಲಿ ಬಿಡಿಸುತ್ತಿದ್ದ ಕಥಾದೃಶ್ಯಗಳನ್ನು ಮೊದಲೇ ಚಿತ್ರೀಕರಿಸಿದ ವಿಡಿಯೋಗಳಾಗಿ ಮಾರ್ಪಡಿಸಿದರು. ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಆದರೂ ಇದೊಂದೇ ಆಟದಿಂದ ತೀರ್ಪು ಕೊಡುವುದು ನ್ಯಾಯವಲ್ಲ, ಏಕೆಂದರೆ ಗೇಮ್‌ಕ್ಯೂಬ್‌ನ ಬಲಗಳಿಗೆ ಒಪ್ಪುವಂತೆ ಕಟ್ಟಿದ ಆಟವನ್ನು ಇನ್ನೊಂದು ಯಂತ್ರದ ದೌರ್ಬಲ್ಯಗಳ ಮೇಲೆ ನಿಲ್ಲಿಸಿದ ಸಂದರ್ಭ ಅದು. ಮಳೆಯ ಉದಾಹರಣೆಯಲ್ಲಿ ನಡೆದದ್ದೂ ಅದೇ, ದಿಕ್ಕು ಮಾತ್ರ ಬೇರೆ. ಇದಕ್ಕೆ ಮಾರುಕಟ್ಟೆಯ ಲೆಕ್ಕವೂ ಸೇರುತ್ತದೆ. ಪ್ಲೇಸ್ಟೇಷನ್ 2 ಒಟ್ಟು 15 ಕೋಟಿಗೂ ಹೆಚ್ಚು ಮಾರಾಟವಾದರೆ ಎಕ್ಸ್‌ಬಾಕ್ಸ್ ಸುಮಾರು 2.4 ಕೋಟಿ, ಗೇಮ್‌ಕ್ಯೂಬ್ ಸುಮಾರು 2.2 ಕೋಟಿಗೆ ನಿಂತವು. ಹಾಗಾಗಿ ಮೂರರಲ್ಲೂ ಬರುವ ಆಟಗಳನ್ನು ಸಾಮಾನ್ಯವಾಗಿ ಪ್ಲೇಸ್ಟೇಷನ್ 2ರ ಅಳತೆಗೇ ಕಟ್ಟುತ್ತಿದ್ದರು, ಉಳಿದೆರಡಕ್ಕೆ ಸ್ವಲ್ಪ ತೀಕ್ಷ್ಣವಾದ ಟೆಕ್ಸ್ಚರ್ ಅಥವಾ ಹೆಚ್ಚಿನ ರೆಸಲ್ಯೂಷನ್ ಸಿಗುತ್ತಿತ್ತು. 2003ರ ‘ಸೋಲ್‌ಕ್ಯಾಲಿಬರ್ 2’ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಆಟ. ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ 720 ಸಾಲುಗಳ ಆಯ್ಕೆ ಹೆಚ್ಚುವರಿ. ಒಂದೇ ಆಟ ಎಲ್ಲ ಕಡೆ ಒಂದೇ ರೀತಿ ಕಂಡಿತೆಂಬುದು ಯಂತ್ರಗಳು ಸಮಾನ ಎಂಬುದಕ್ಕೆ ಪುರಾವೆಯಾಗಲಾರದು.

ನಿಮ್ಮ ಪಟ್ಟಿಯಲ್ಲಿ ‘128 ಬಿಟ್’ ಎಂಬ ಸಾಲೂ, ‘ಗಿಗಾಫ್ಲಾಪ್ಸ್’ (ಸೆಕೆಂಡಿಗೆ ಎಷ್ಟು ನೂರು ಕೋಟಿ ದಶಮಾಂಶ ಲೆಕ್ಕಗಳು) ಎಂಬ ಸಾಲೂ ಇದ್ದರೆ ಅವುಗಳ ಮೇಲೆ ಒಂದು ಗೆರೆ ಎಳೆದುಬಿಡಿ. ಎಕ್ಸ್‌ಬಾಕ್ಸ್‌ನ ಪೆಂಟಿಯಂ 3 ಮೂಲದ ಪ್ರೊಸೆಸರ್ ಸಾಮಾನ್ಯ ಅರ್ಥದಲ್ಲಿ 32 ಬಿಟ್‌ನದೇ. ಡ್ರೀಮ್‌ಕಾಸ್ಟ್‌ನ 1.4 ಗಿಗಾಫ್ಲಾಪ್ಸ್ ಎಂಬುದು ಪ್ರೊಸೆಸರ್ ಒಂದರದ್ದು, ಗೇಮ್‌ಕ್ಯೂಬ್‌ನ 10.5 ಎಂಬುದರಲ್ಲಿ ಗ್ರಾಫಿಕ್ಸ್ ಚಿಪ್‌ನ ಸ್ಥಿರ ಬೆಳಕಿನ ಘಟಕವೂ ಸೇರಿದೆ.

ಇನ್ನು ನನ್ನ ತೀರ್ಪು. ಹೊಸ ಆಟವೊಂದನ್ನು ಯಾವುದೇ ಒಲವಿಲ್ಲದೆ ಕಟ್ಟಿ, ನಾಲ್ಕರ ಮೇಲೂ ಸಮನಾದ ಶ್ರಮ ಸುರಿದರೆ, ಹೆಚ್ಚಿನ ದೃಶ್ಯಗಳಲ್ಲಿ ಎಕ್ಸ್‌ಬಾಕ್ಸ್ ಮುಂದೆ ನಿಲ್ಲುತ್ತದೆ. ಗೇಮ್‌ಕ್ಯೂಬ್ ಅದರ ಹಿಂದೆಯೇ, ಮೆಮೊರಿಯ ಇಕ್ಕಟ್ಟಿಲ್ಲದ ಕಡೆ ಬಹುತೇಕ ಪಕ್ಕದಲ್ಲೇ ಇರುತ್ತದೆ. ಪ್ಲೇಸ್ಟೇಷನ್ 2 ಮೂರನೆಯದು, ಆದರೆ ಹೊಗೆ ಮಳೆ ಧೂಳಿನ ದೃಶ್ಯ ಬಂದೊಡನೆ ಮೊದಲನೆಯದಾಗಿಬಿಡಬಲ್ಲ ಮೂರನೆಯದು. ಡ್ರೀಮ್‌ಕಾಸ್ಟ್ ತ್ರಿಕೋನಗಳ ಎಣಿಕೆಯಲ್ಲಿ ಸ್ಪಷ್ಟವಾಗಿ ಕೊನೆಯದು, ಟೆಕ್ಸ್ಚರ್‌ಗಳಲ್ಲಿ ಅಲ್ಲ. ‘ಎಷ್ಟು ಪಟ್ಟು’ ಎಂಬುದಕ್ಕೆ ಒಂದೇ ಅಂಕಿ ಕೊಡಲು ನಾನು ಒಪ್ಪುವುದಿಲ್ಲ, ಏಕೆಂದರೆ ದೃಶ್ಯ ಬದಲಾದೊಡನೆ ಆ ಅಂಕಿ ಬದಲಾಗುವುದಷ್ಟೇ ಅಲ್ಲ, ತಲೆಕೆಳಗಾಗಲೂಬಹುದು.

ಎಮ್ಯುಲೇಟರ್‌ನಲ್ಲಿ ನೀವು ನೋಡುತ್ತಿರುವುದು ಪ್ಲೇಸ್ಟೇಷನ್ 2ರ ಅರ್ಧ ಭಾಗವನ್ನು ಮಾತ್ರ. ಎಮೋಷನ್ ಎಂಜಿನ್ ಲೆಕ್ಕ ಹಾಕಿದ ಬಿಂದುಗಳ ಸ್ಥಾನಗಳು ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿಯೇ ಇರುವುದರಿಂದ, ಅದೇ ತ್ರಿಕೋನಗಳನ್ನು ನಾಲ್ಕಾರು ಪಟ್ಟು ದೊಡ್ಡ ಪರದೆಗೆ ಬಿಡಿಸಿದಾಗ ಅಂಚುಗಳು ಚೂಪಾಗುತ್ತವೆ. ಆದರೆ ಬಿಡಿಸುತ್ತಿರುವುದು ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್. 4 ಮೆಗಾಬೈಟ್‌ನ ಇಕ್ಕಟ್ಟು, ಅರ್ಧ ಸಾಲುಗಳ ಮಿನುಗು ಎರಡೂ ಅಲ್ಲಿ ಮಾಯವಾಗಿರುತ್ತವೆ. ಇದರಿಂದ ಹೆಚ್ಚು ಲಾಭ ಪಡೆಯುವುದು ಪ್ಲೇಸ್ಟೇಷನ್ 2 ತಾನೇ ಹೊರತು ಗೇಮ್‌ಕ್ಯೂಬ್ ಅಲ್ಲ, ಏಕೆಂದರೆ ಮೂಲದಲ್ಲಿ ಹೆಚ್ಚು ಕಳೆದುಕೊಳ್ಳುತ್ತಿದ್ದುದು ಅದೇ. ಸರಿಯಾಗಿ ಹೋಲಿಸಬೇಕೆಂದರೆ ಎರಡೂ ಎಮ್ಯುಲೇಟರ್‌ಗಳ ರೆಸಲ್ಯೂಷನ್ ಅನ್ನು ಮೂಲ ಮಟ್ಟಕ್ಕೆ ಇಳಿಸಿ ಒಂದು ದೃಶ್ಯವನ್ನು ನೋಡಿ, ಅನಂತರ ಅದೇ ದೃಶ್ಯದಲ್ಲಿ ರೆಸಲ್ಯೂಷನ್ ಏರಿಸಿ. ಏರಿಸಿದ ಮೇಲೂ ಮಸುಕಾಗಿಯೇ ಉಳಿದದ್ದು ಟೆಕ್ಸ್ಚರ್‌ನ ಬಡತನ, ಚೂಪಾದ ಮೇಲೂ ದುಂಡಗಾಗದೆ ಮೂಲೆಮೂಲೆಯಾಗಿ ಉಳಿದದ್ದು ತ್ರಿಕೋನಗಳ ಕೊರತೆ, ಏರಿಸಿದೊಡನೆ ಕಾಣೆಯಾದ ದೋಷವೆಲ್ಲ ಆ ಪುಟ್ಟ 4 ಮೆಗಾಬೈಟ್‌ನದು ಮತ್ತು ಹಳೆಯ ಟಿವಿ ಸಂಕೇತದ್ದು.